ಒಂದು ಹಿಡಿ ಬಾದೆ ಹುಲ್ಲು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಎಂದರೆ ದೊಡ್ಡ ಮಾತಾಯಿತು. ಎರಡು ಕೋಣೆ, ಒಂದು ಅಡುಗೆಮನೆ, ತೀರಿಹೋದ ಹಿರಿಯ ಗುರುಗಳ ಸಮಾಧಿಯ ಗದ್ದುಗೆ, ಹಿಂದೆ ಒಂದು ಗುಡ್ಡ. ಗುಡ್ಡದ ತುಂಬ ಲಂಟಾನ.

ಅಲ್ಲಿನ ಗುರು ಪರ್ವತಯ್ಯ. ವಯಸ್ಸು ಎಪ್ಪತ್ತೆಂಟು. ಸುತ್ತಲಿನವರಿಗೆಲ್ಲ ಅವರು ಅಯ್ನೋರು.

ಒಂದು ಮಾರ್ಗಶಿರದಲ್ಲಿ ಇಂದುಧರ ಎಂಬವನು ಅಲ್ಲಿಗೆ ಬಂದ. ಮೂವತ್ತರ ಆಸುಪಾಸು. ಹೆಗಲಲ್ಲಿ ಚೀಲ, ಚೀಲದಲ್ಲಿ ಎರಡು ಜೊತೆ ಬಟ್ಟೆ, ನಾಲ್ಕು ಗೂಟ, ಒಂದು ಸುರುಳಿ ಹಗ್ಗ.

"ನನಗೆ ಕಾವಿ ಬೇಕು ಅಯ್ನೋರೇ," ಎಂದ.

"ಇಲ್ಲೀತನಕ ಏನು ಮಾಡ್ಕೊಂಡಿದ್ದೆ?"

"ಸಂಶೋಧನೆ. ಹೊರಗಿನಿಂದ ಬಂದು ಕಾಡು ನುಂಗುವ ಗಿಡಗಳ ಮೇಲೆ. ಇದೇ ಗುಡ್ಡಸಾಲಿನಲ್ಲಿ ಐದು ವರ್ಷ ಲಂಟಾನ ಎಣಿಸಿದೆ."

"ಏನು ಗೊತ್ತಾಯ್ತು?"

"ಹೆಚ್ಚಾಗ್ತಾ ಇದೆ."

ಪರ್ವತಯ್ಯ ಅವನ ಮುಖವನ್ನೇ ನೋಡಿದರು. "ಅದಕ್ಕೆ ಐದು ವರ್ಷ ಬೇಕಾಯ್ತಾ? ನಮ್ಮ ತಾಯಮ್ಮಂಗೆ ಎರಡು ಎಲೆ, ಒಂದು ಚೂರು ಅಡಿಕೆ ಕೊಟ್ಟಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ದಳು."

ತಾಯಮ್ಮ ಆಶ್ರಮಕ್ಕೆ ಹಾಲು ತರುವ ಹೆಂಗಸು. ಅವಳ ಮನೆಯ ಹಸುಗಳು ಒಂದು ಕಾಲಕ್ಕೆ ಆ ಗುಡ್ಡದಲ್ಲೇ ಮೇಯುತ್ತಿದ್ದವು. ಈಗ ಅವಳು ಹೊಳೆ ದಾಟಿಸಿ ಎರಡು ಮೈಲಿ ಹೊಡೆದುಕೊಂಡು ಹೋಗಬೇಕು.

ಇಂದುಧರನಿಗೆ ನಗು ಬರಲಿಲ್ಲ. "ಅದಕ್ಕೇ ಬಂದೆ ಅಯ್ನೋರೇ. ನಾನು ಎಷ್ಟು ಎಣಿಸಿದರೂ ಒಂದು ಹುಲ್ಲುಕಡ್ಡಿ ಹೊಸದಾಗಿ ಹುಟ್ಟಲಿಲ್ಲ. ಮನಸ್ಸು ಬತ್ತಿಹೋಗಿದೆ."

"ಊಟ ಆಗಿದೆಯಾ?" ಕೇಳಿದರು ಪರ್ವತಯ್ಯ. ಹಾಗೆ ಅವನು ಅಲ್ಲಿ ಉಳಿದುಕೊಂಡ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಇಂದುಧರನೂ ಮಾರನೆಯ ದಿನ ಎಲ್ಲರಿಗಿಂತ ಮೊದಲೇ ಎದ್ದ. ಹಿರಿಯ ಗುರುಗಳ ಗದ್ದುಗೆಯ ಸುತ್ತ ಮೊಣಕಾಲೆತ್ತರಕ್ಕೆ ಹುಲ್ಲು ಒಣಗಿ ನಿಂತಿತ್ತು. ಸೇವೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಬೇಲಿಯ ಬದಿಗೆ ಎಸೆದ.

ಪರ್ವತಯ್ಯ ಸ್ನಾನ ಮುಗಿಸಿ ಬಂದರು. ಗದ್ದುಗೆ ಬೋಳಾಗಿತ್ತು.

"ಏನಪ್ಪಾ ಇದು?"

"ಕಳೆ ಅಯ್ನೋರೇ. ಗುರುಗಳ ಗದ್ದುಗೆ ಹಾಗಿರಬಾರದು."

ಪರ್ವತಯ್ಯ ಬಗ್ಗಿ, ಅವನು ಎಸೆದಿದ್ದ ಹುಲ್ಲನ್ನು ಆರಿಸಿಕೊಂಡು, ಕಂಕುಳಲ್ಲಿ ಅವುಚಿಕೊಂಡು ಒಳಗೆ ಹೋದರು. ತಾಯಮ್ಮನ ಹಸುವಿಗೆ ಇರಬೇಕು ಎಂದುಕೊಂಡ ಇಂದುಧರ.

ಮಧ್ಯಾಹ್ನ ಊಟಕ್ಕೆ ಕೂತಾಗ ಪರ್ವತಯ್ಯ ತಲೆಯೆತ್ತಿ ಮಾಡು ತೋರಿಸಿದರು. ತುಕ್ಕು ಹಿಡಿದ ತಗಡು.

"ನಾನು ಬಂದಾಗ ಇದಕ್ಕೆ ಬಾದೆ ಹುಲ್ಲು ಹೊದಿಸಿದ್ದರು. ಈ ಗುಡ್ಡದ್ದೇ ಹುಲ್ಲು. ಬೇಸಗೆಯಲ್ಲಿ ತಂಪು. ಮಳೆ ಬಂದರೆ ಸದ್ದೇ ಇಲ್ಲ. ಈಗ ನಾಲ್ಕು ಹನಿ ಬಿದ್ದರೆ ತಮಟೆ ಬಡಿದ ಹಾಗಾಗುತ್ತೆ."

"ಹೌದು ಅಯ್ನೋರೇ."

"ಆಶ್ರಮದ ಹಿಂದಿನ ಇಳಿಜಾರು ನಿನಗೆ ಬಿಟ್ಟಿದ್ದೀನಿ. ಅಲ್ಲಿ ಬೆಳೆದ ಬಾದೆ ಹುಲ್ಲು ಒಂದು ಹಿಡಿ ತಾ. ಕಾವಿ ಕೊಡ್ತೀನಿ. ಆದರೆ ಕಾರ್ತೀಕದಲ್ಲಿ, ಹಿರಿಯ ಗುರುಗಳ ಪುಣ್ಯದಿನವೇ ತರಬೇಕು. ಬೇರೆ ದಿನ ಕಾವಿ ಕೊಡೋ ಪದ್ಧತಿ ಇಲ್ಲಿಲ್ಲ."

"ಬಾದೆ ಹುಲ್ಲು ಈ ಸಾಲಿನಲ್ಲಿ ಇಲ್ಲವೇ ಇಲ್ಲ. 'ಕಣ್ಮರೆ' ಅಂತ ವರದಿಯಲ್ಲಿ ನಾನೇ ಬರೆದಿದ್ದೀನಿ."

"ಬರೆದುಬಿಟ್ಟಿದ್ದೀಯಾ?" ಎಂದರು ಪರ್ವತಯ್ಯ. "ಸಾರು ಹಾಕ್ಕೋ, ಆರಿಹೋಗುತ್ತೆ."

ಇಂದುಧರ ಮಚ್ಚು ತೆಗೆದುಕೊಂಡು ಇಳಿಜಾರಿನ ಲಂಟಾನವನ್ನೆಲ್ಲ ಸವರಿದ. ಆಮೇಲೆ ಗೂಟ ಕಡಿದು, ಹಗ್ಗ ಕಟ್ಟಿ, ಅಲ್ಲೊಂದು ಇಲ್ಲೊಂದರಂತೆ ಇಪ್ಪತ್ತು ಚೌಕ ಮಾಡಿದ. ವಾರಕ್ಕೊಮ್ಮೆ ಪ್ರತಿ ಚೌಕದಲ್ಲೂ ಎಷ್ಟು ಲಂಟಾನ ಚಿಗುರಿದೆ ಎಂದು ಎಣಿಸಿ ಪುಸ್ತಕದಲ್ಲಿ ಬರೆಯುವುದು ಅವನ ಹಳೆಯ ಅಭ್ಯಾಸ.

ಆದರೆ ಎಣಿಸಲು ಕೂತಾಗ ಕಣ್ಣೆದುರು ಚಿಗುರು ಕಂಡರೆ ಬಿಟ್ಟು ಏಳಲು ಕೈ ಕೇಳುತ್ತಿರಲಿಲ್ಲ. ಹೇಗೂ ಬಂದಿದ್ದೇನಲ್ಲ ಎಂದು ಅಗೆದು ಕಿತ್ತುಹಾಕುತ್ತಿದ್ದ.

ಕಾರ್ತೀಕ ಬಂತು. ಪುಸ್ತಕ ಹಿಡಿದುಕೊಂಡು ಬಂದ.

"ಹುಲ್ಲು ಇನ್ನೂ ಬಂದಿಲ್ಲ ಅಯ್ನೋರೇ. ಆದರೆ ಲಂಟಾನ ಹೋಯ್ತು. ಇಪ್ಪತ್ತು ಚೌಕದಲ್ಲೂ ಸೊನ್ನೆ!"

ಪರ್ವತಯ್ಯ ಕೋಲು ತೆಗೆದುಕೊಂಡು ಅವನ ಹಿಂದೆ ಗುಡ್ಡ ಹತ್ತಿದರು. ದಣಿದು, ಒಂದು ಚೌಕದಿಂದ ಎರಡು ಹೆಜ್ಜೆ ಆಚೆ ಕೂತರು. ಕೂತವರು ಹಾ ಎಂದು ಎದ್ದರು. ಪಂಚೆಗೆಲ್ಲ ಲಂಟಾನದ ಮುಳ್ಳು ಕಚ್ಚಿಕೊಂಡಿತ್ತು.

"ಇಲ್ಲಿ ಕೂರಬಾರದಿತ್ತಾ?"

"ಅದು ಚೌಕದ ಹೊರಗೆ ಅಯ್ನೋರೇ."

"ಓಹೋ. ಲಂಟಾನಕ್ಕೆ ಹೇಳಿದ್ದೀಯಾ?"

ಇಂದುಧರ ಆಗ ನೋಡಿದ. ಚೌಕಗಳ ಹೊರಗೆ, ಮಚ್ಚು ಬಿದ್ದ ಒಂದೊಂದು ಬುಡದಲ್ಲೂ ಹತ್ತು ಹತ್ತು ಚಿಗುರು. ಸವರಿದರೆ ಹೀಗೇ ಆಗುತ್ತದೆ ಎಂದು ಅವನೇ ವರದಿಯಲ್ಲಿ ಬರೆದಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಪರ್ವತಯ್ಯ ಗುದ್ದಲಿ ಕೇಳಿ ತೆಗೆದುಕೊಂಡರು. ಒಂದು ಗಿಡದ ಬುಡ ಬಿಡಿಸಿದರು. ಮಣ್ಣಿನಿಂದ ನಾಲ್ಕು ಬೆರಳು ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಗಂಟಿತ್ತು. ಗಂಟಿನ ಕೆಳಕ್ಕೆ ಒಂದು ಏಟು ಹಾಕಿದರು. ಗಿಡ ಎತ್ತಿ ತಲೆಕೆಳಗಾಗಿ ನಿಲ್ಲಿಸಿದರು.

"ಗಂಟು ಆಕಾಶ ನೋಡಬೇಕು. ಮಣ್ಣಿಗೆ ತಾಕಿದರೆ ಮತ್ತೆ ಬರುತ್ತೆ."

"ಇದನ್ನು ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಮೂವತ್ತು ವರ್ಷ ತಪ್ಪಾಗಿ ಕಿತ್ತೆ." ಗುದ್ದಲಿಯನ್ನು ಅವನ ಕೈಗೆ ಕೊಟ್ಟರು. "ದಿನಕ್ಕೆ ಒಂದು ಮಾರು ಜಾಗ ಸಾಕು. ಅದಕ್ಕಿಂತ ಹೆಚ್ಚು ಬೇಡ."

ಒಂದು ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಅಗಲ. ಇಂದುಧರ ಲೆಕ್ಕ ಹಾಕಿದ. ಇಳಿಜಾರು ಮುಗಿಯಲು ನಾಲ್ಕು ವರ್ಷ. ಅಷ್ಟು ದಿನ ಅಯ್ನೋರು ಇರುತ್ತಾರೋ ಇಲ್ಲವೋ. ಅವನಿಗೆ ಬೇರೆ ಯಾರ ಕೈಯಿಂದಲೂ ಕಾವಿ ಬೇಕಿರಲಿಲ್ಲ.

ಗುರುವಿನ ಮಾತು ಮೀರಿದ. ಸಂಕ್ರಾಂತಿಗೆ ಶುರು ಮಾಡಿ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅಗೆದ. ಕೈ ಬೊಬ್ಬೆ ಬಂದು ಒಡೆಯಿತು. ಮುಂಗಾರು ಬರುವ ಹೊತ್ತಿಗೆ ಇಡೀ ಇಳಿಜಾರಿನಲ್ಲಿ ಒಂದು ಲಂಟಾನವೂ ಉಳಿದಿರಲಿಲ್ಲ. ಈ ಸಲ ಚೌಕದ ಹೊರಗೂ ಇರಲಿಲ್ಲ.

ಹಾಲು ತಂದ ತಾಯಮ್ಮ ಹಣೆಗೆ ಕೈ ಹಚ್ಚಿ ನೋಡಿದಳು.

"ಇದೇನ್ ಸ್ವಾಮಿ, ಗುಡ್ಡುಕ್ಕೇ ಮಂಡೆ ಬೋಳುಸ್ಬುಟ್ಟಿದ್ದೀರಿ!"

ಮೊದಲ ಮಳೆಗೆ ಕೆಂಪು ಮಣ್ಣು ಕಿತ್ತುಕೊಂಡು ಹೊಳೆಗೆ ಹೋಯಿತು. ತಿಂಗಳೊಳಗೆ ಉಳಿದ ಮಣ್ಣಿನ ಮೇಲೆ ಪಾರ್ಥೇನಿಯಂ ಎದ್ದು ನಿಂತಿತು. ಅದಕ್ಕಿಂತ ಹೆಚ್ಚಾಗಿ ಇಂದುಧರನಿಗೆ ನೋಡಲಾಗದೆ ಹೋದದ್ದು ಒಂದು ಜೋಡಿ ಪಿಕಳಾರ. ಪ್ರತಿ ವರ್ಷ ಲಂಟಾನದ ಪೊದೆಯಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳು ಬಾಯಲ್ಲಿ ನಾರು ಹಿಡಿದುಕೊಂಡು ಇಳಿಜಾರಿನ ಮೇಲೆ ಸುತ್ತುತ್ತಲೇ ಇದ್ದವು.

ಕಷ್ಟಪಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಂದು ಮಧ್ಯಾಹ್ನ ಸೋತು ಮಲಗೋಣ ಎಂದು ತನ್ನ ಕೋಣೆಗೆ ಹೋದ.

ಕೋಣೆಯ ಮೇಲೆ ಮಾಡೇ ಇರಲಿಲ್ಲ. ಮಂಚದಲ್ಲಿ ಮಲಗಿದರೆ ಮೋಡ ಕಾಣುತ್ತಿತ್ತು. ಹೊರಗೆ ತಾಯಮ್ಮ ಏಣಿಯ ಮೇಲೆ ನಿಂತು ಕೊನೆಯ ತಗಡು ಇಳಿಸುತ್ತಿದ್ದಳು. ಪರ್ವತಯ್ಯ ಏಣಿ ಹಿಡಿದುಕೊಂಡಿದ್ದರು.

"ಅಯ್ನೋರೇ, ಏನಿದು?"

"ತಗಡು ಈ ನೆಲದ್ದಲ್ಲ ಕಣಪ್ಪ. ಹೊರಗಿನಿಂದ ಬಂದದ್ದು. ಕಿತ್ತುಬಿಟ್ಟೆ."

ಅಷ್ಟರಲ್ಲಿ ಮಳೆ ಹನಿಯಿತು. ಇಂದುಧರ ಒಳಗೆ ಓಡಿ ಪುಸ್ತಕ ಎತ್ತಿಕೊಂಡ, ಹಾಸಿಗೆ ಸುತ್ತಿದ, ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಅಪ್ಪಿಕೊಂಡು ನೆನೆಯುತ್ತ ನಿಂತ. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಹುಲ್ಲು ಹೊದಿಸೋದಕ್ಕೆ ಮೊದಲೇ ತಗಡು ಕಿತ್ತರೆ ನಾನೆಲ್ಲಿರಲಿ?"

ಪರ್ವತಯ್ಯ ಗುಡ್ಡದ ಕಡೆ ತೋರಿಸಿದರು. ಪಿಕಳಾರ ಜೋಡಿ ಇನ್ನೂ ಸುತ್ತುತ್ತಿತ್ತು.

"ಅವೂ ಅದನ್ನೇ ಕೇಳ್ತಾ ಇದಾವೆ. ಏನು ಹೇಳಿದೆ?"

ಸಂಜೆಯ ಹೊತ್ತಿಗೆ ಮೂವರೂ ಸೇರಿ ತಗಡನ್ನು ಮತ್ತೆ ಹಾಕಿದರು. ಒಂದು ಮೊಳೆ ಸಿಗಲಿಲ್ಲ. ಆ ತೂತಿನಿಂದ ಇವತ್ತಿಗೂ ಸೋರುತ್ತದಂತೆ.

ಅಡುಗೆಮನೆಯ ಒಲೆಯೆದುರು ಬಟ್ಟೆ ಒಣಗಿಸಿಕೊಳ್ಳುತ್ತಾ ಕೂತಾಗ ಇಂದುಧರನ ಸಿಟ್ಟು ಮತ್ತೆ ಹೊಗೆಯಾಡಿತು.

"ಈ ಪೀಡೆಯನ್ನು ಇಲ್ಲಿಗೆ ತಂದವನು ಯಾರೋ! ಆ ಮಹಾನುಭಾವ ನನ್ನ ಕೈಗೆ ಸಿಕ್ಕಬೇಕಿತ್ತು."

ತಾಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಸಿಕ್ಕಿದ್ದಾನಲ್ಲ," ಎಂದರು ಪರ್ವತಯ್ಯ. "ಏನು ಮಾಡ್ತೀಯೋ ಮಾಡು."

ಇಂದುಧರ ಒಣಗಿಸುತ್ತಿದ್ದ ಬಟ್ಟೆ ಬಿಟ್ಟು ಅವರತ್ತ ತಿರುಗಿದ.

"ಬೇರೆ ಗುಡ್ಡಕ್ಕೆ ಬೇರೆಯವರು ತಂದಿರಬಹುದು. ಈ ಗುಡ್ಡಕ್ಕೆ ನಾನು. ಆಗ ನನಗೆ ಇಪ್ಪತ್ತೆರಡು. ಪೂಜೆಗೆ ಅಂತ ದಾಸವಾಳ ಹಾಕಿದ್ದೆ. ಇವಳ ಅತ್ತೆಯ ಹಸುಗಳು ಬಂದು ತಿಂದುಹೋಗೋವು. ಪೇಟೆಯ ಬಂಗಲೆಯೊಂದರ ಬೇಲಿಯಿಂದ ಮೂರು ಕಡ್ಡಿ ಮುರಿದು ತಂದು ನೆಟ್ಟೆ. ಮೂರೇ ಮೂರು. ಹೂ ಬಿಟ್ಟಾಗ ಎಷ್ಟು ಚೆಂದ ಅಂತೀಯ! ಒಂದೇ ಗೊಂಚಲಲ್ಲಿ ಎರಡು ಬಣ್ಣ. ದೇವರಿಗೂ ಏರಿಸಿದೆ."

"ನಮ್ಮತ್ತೆ ಸಾಯಗಂಟ ಬಯ್ತಿದ್ರು ಬುದ್ಧಿ," ಎಂದಳು ತಾಯಮ್ಮ.

"ಬಯ್ಯಬೇಕಾದ್ದೇ."

"ಹಿರಿಯ ಗುರುಗಳು ಏನಂದರು?" ಕೇಳಿದ ಇಂದುಧರ.

"ಏನೂ ಅನ್ನಲಿಲ್ಲ. ನನಗೂ ಆಗ ಅರ್ಥವಾಗಿರಲಿಲ್ಲ. ಹಕ್ಕಿ ಹಣ್ಣು ತಿಂತು, ಬೀಜ ಉದುರಿಸ್ತು, ನೋಡನೋಡ್ತಾ ಗುಡ್ಡವೇ ಹೋಯ್ತು. ಅವರು ಹೋಗೋ ಹಿಂದಿನ ದಿನ ನನ್ನ ಕರೆದು ಒಂದೇ ಮಾತು ಹೇಳಿದರು. ನನ್ನ ಗದ್ದುಗೆ ಮೇಲೆ ಹುಲ್ಲು ಬಂದರೆ ಕೀಳಬೇಡ, ಅಂತ."

ಪರ್ವತಯ್ಯ ಎದ್ದು ಒಲೆಯ ಮೇಲೆ ತೂಗುಹಾಕಿದ್ದ ಒಂದು ಸೋರೆಬುರುಡೆ ಇಳಿಸಿದರು. ಇಂದುಧರನ ಅಂಗೈ ಮೇಲೆ ಬಗ್ಗಿಸಿದರು. ಹೊಗೆ ವಾಸನೆಯ ಸಣ್ಣ ಸಣ್ಣ ಬೀಜ. ತುದಿಯಲ್ಲಿ ಕೂದಲಿನಂಥ ಎಳೆ.

ಇಂದುಧರ ಬೀಜವನ್ನು ಬೆಳಕಿಗೆ ಹಿಡಿದು ನೋಡಿದ.

"ಬಾದೆ ಹುಲ್ಲು."

"ನೀನೇ ಕಿತ್ತುಕೊಟ್ಟದ್ದು. ಮೊದಲನೇ ದಿನ."

ಐದು ವರ್ಷ ಅವನು ಈ ಸಾಲನ್ನೆಲ್ಲ ಸುತ್ತಿದ್ದ. ಆದರೆ ಕಣ್ಣು ಹುಡುಕಿದ್ದು ಲಂಟಾನವನ್ನು ಮಾತ್ರ. ಕಣ್ಮರೆ ಎಂದು ಯಾವ ಹುಲ್ಲಿನ ಬಗ್ಗೆ ಬರೆದಿದ್ದನೋ, ಅದು ಕಣ್ಣೆದುರು ನಿಂತಾಗ ಬೇರುಸಹಿತ ಕಿತ್ತು ಬೇಲಿಗೆ ಎಸೆದಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ ಅಯ್ನೋರೇ?"

"ನೀನು ಕಳೆ ಅಂದೆಯಲ್ಲ. ಓದಿದವನು." ಪರ್ವತಯ್ಯ ನಕ್ಕರು. "ಹೆದರಬೇಡ. ಬೇರನ್ನು ಅವತ್ತೇ ವಾಪಸ್ ಊರಿದೆ. ಗದ್ದುಗೆ ಹತ್ತಿರ ಹೋಗಿ ನೋಡು, ಚಿಗುರಿದೆ."

ಇಂದುಧರ ಹೋಗಿ ನೋಡಿದ. ಚಿಗುರಿತ್ತು. ಗದ್ದುಗೆಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ.

ವಾಪಸ್ ಬಂದಾಗ ಪರ್ವತಯ್ಯ ಅವನ ಸೊಂಟಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿದರು. ಸೋರೆಬುರುಡೆಯಲ್ಲಿದ್ದ ಬೀಜದಲ್ಲಿ ಒಂದು ಪಾಲು ಅದಕ್ಕೆ ಸುರಿದರು.

"ಇನ್ನು ಮೇಲೆ ಬರಿಗೈಲಿ ಕೀಳಬೇಡ."

ಆಮೇಲಿನ ಕಥೆ ನಿಧಾನದ್ದು. ಸಂತೋಷದ್ದು ಕೂಡ.

ದಿನಕ್ಕೆ ಒಂದು ಮಾರು. ಪಾರ್ಥೇನಿಯಂ ಹೂ ಬಿಡುವ ಮೊದಲೇ ತೆಗೆದು, ತೆಗೆದ ಕಡೆ ಒಂದು ಚಿಟಿಕೆ ಬೀಜ ಹಾಕಿ, ಮೇಲೆ ಸೊಪ್ಪು ಮುಚ್ಚುತ್ತಿದ್ದ. ಹಕ್ಕಿ ಕೂರುವ ಮರಗಳ ಬುಡದಲ್ಲಿ ಲಂಟಾನದ ಸಸಿ ಮತ್ತೆ ಮತ್ತೆ ಏಳುತ್ತಿದ್ದವು. ಅವನ್ನು ಕಿತ್ತು ಅಲ್ಲೂ ಒಂದು ಚಿಟಿಕೆ ಹಾಕುತ್ತಿದ್ದ. ಮಾರು ಮುಗಿದ ಮೇಲೆ ಗುದ್ದಲಿ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದ. ಮೊದಮೊದಲು ಆ ಕೂರುವುದೇ ಅವನಿಗೆ ಕಷ್ಟವಾಯಿತು.

ಚೌಕದ ಗೂಟಗಳನ್ನು ಒಲೆಗೆ ಹಾಕಲು ಹೋದಾಗ ಪರ್ವತಯ್ಯ ತಡೆದರು.

"ಇಟ್ಟಿರು. ಎಣಿಸೋದು ತಪ್ಪಲ್ಲ."

"ಮತ್ತೆ?"

"ಹಗ್ಗದ ಆಚೆಗೂ ನೋಡು."

ಇನ್ನೊಂದು ದಿನ ಅವನು ಬೇಗ ಇಳಿದು ಬಂದ. ಪರ್ವತಯ್ಯ ಜಗಲಿಯಲ್ಲಿ ಕೂತಿದ್ದರು.

"ಇವತ್ತಿನ ಮಾರು ಮುಗೀತಾ?"

"ಇಲ್ಲ ಅಯ್ನೋರೇ. ಅಲ್ಲೊಂದು ಲಂಟಾನ ಪೊದೆ ಎದ್ದಿದೆ. ಪಿಕಳಾರ ಗೂಡು ಕಟ್ಟಿದೆ. ಮೂರು ಮೊಟ್ಟೆ."

"ಯಾವಾಗ ಕೀಳ್ತೀಯ?"

"ಮರಿ ಹಾರಿದ ಮೇಲೆ."

"ಅಷ್ಟರಲ್ಲಿ ಅದು ಹಣ್ಣು ಬಿಟ್ಟರೆ?"

"ಹೂವು ಚಿವುಟಿ ಬಂದೆ."

ಪರ್ವತಯ್ಯ ಪಕ್ಕದ ಜಾಗ ಕೈಯಿಂದ ಒರೆಸಿದರು. ಇಬ್ಬರೂ ಕೂತು ಹೊಳೆ ನೋಡಿದರು.

ಮನಸ್ಸು ಬತ್ತಿದೆ ಎಂದು ಬಂದಿದ್ದವನು ಈಗ ಗುಡ್ಡದ ಮೇಲೆ ಹಾಡಿಕೊಳ್ಳುತ್ತಿದ್ದ. ಶ್ರುತಿ ಮಾತ್ರ ಇರಲಿಲ್ಲ. "ಸುಮ್ಕಿರಿ ಸ್ವಾಮಿ, ಹಸ ಹಾಲ್ ಇಳುಸಾಕಿಲ್ಲ," ಎಂದು ತಾಯಮ್ಮ ಕೆಳಗಿನಿಂದ ಕೂಗುತ್ತಿದ್ದಳು.

ಎರಡು ಕಾರ್ತೀಕ ಹಾಗೇ ಕಳೆದವು. ಒಂದು ವರ್ಷ ಬೀಜ ಮೊಳೆಯಲಿಲ್ಲ. ಇನ್ನೊಂದು ವರ್ಷ ಮೊಳೆತದ್ದು ಮೊಲದ ಪಾಲಾಯಿತು. ಮೂರನೆಯ ವರ್ಷ ಮಳೆ ಹದವಾಗಿ ಬಂತು. ಇಳಿಜಾರಿನ ನಡುವೆ, ಒಂದು ಬಂಡೆಯ ಮಗ್ಗುಲಲ್ಲಿ, ಬಾದೆ ಹುಲ್ಲಿನ ಒಂದು ಬುಡ ಎದ್ದಿತು. ಸೊಂಟದೆತ್ತರ ಬೆಳೆದು ತೆನೆ ಬಿಟ್ಟಿತು. ಹಿಡಿದು ಕೊಯ್ದರೆ ಸರಿಯಾಗಿ ಒಂದು ಹಿಡಿ.

ಆ ಮಳೆಗಾಲ ಪರ್ವತಯ್ಯ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ಎದ್ದರು, ಆದರೆ ಮೊದಲಿನಂತಾಗಲಿಲ್ಲ. ಮುಂದಿನ ಕಾರ್ತೀಕ ಇವರು ನೋಡುವುದು ಅನುಮಾನ ಎಂದು ತಾಯಮ್ಮನಿಗೂ ಗೊತ್ತಿತ್ತು, ಇಂದುಧರನಿಗೂ ಗೊತ್ತಿತ್ತು.

ಹಿರಿಯ ಗುರುಗಳ ಪುಣ್ಯದಿನ ಬಂತು. ಬೆಳಗ್ಗೆಯೇ ಇಂದುಧರ ಕುಡುಗೋಲು ಹಿಡಿದು ಗುಡ್ಡ ಹತ್ತಿದ. ಪರ್ವತಯ್ಯ ಗದ್ದುಗೆಯ ಪಕ್ಕ ಕಂಬಳಿ ಹಾಸಿಕೊಂಡು ಕೂತರು. ತೊಡೆಯ ಮೇಲೆ ಮಡಿಸಿದ ಕಾವಿ ಬಟ್ಟೆ. ತಾಯಮ್ಮ ಹಾಲಿನ ಚೊಂಬು ಇಟ್ಟು ಪಕ್ಕದಲ್ಲಿ ನಿಂತಳು.

ಬಿಸಿಲು ಏರಿದ ಮೇಲೆ ಇಂದುಧರ ಇಳಿದು ಬಂದ. ಕುಡುಗೋಲು ಸೊಂಟದಲ್ಲಿತ್ತು. ಕೈ ಖಾಲಿ.

ತಾಯಮ್ಮ ಚಡಪಡಿಸಿದಳು. "ಎಲ್ಲಿ ಸ್ವಾಮಿ ಹುಲ್ಲು? ನಿನ್ನೆ ನಾನೇ ಕಣ್ಣಾರ ನೋಡಿವ್ನಿ!"

"ಇದೆ ತಾಯಮ್ಮಕ್ಕ."

"ಕೊಯ್ಯಲಿಲ್ಲವಾ?" ಕೇಳಿದರು ಪರ್ವತಯ್ಯ.

"ಇಲ್ಲ ಅಯ್ನೋರೇ. ತೆನೆ ಇನ್ನೂ ಹಸಿ. ಬೀಜ ಬಲಿತು ಉದುರೋದಕ್ಕೆ ಹದಿನೈದು ದಿನ ಬೇಕು. ಇವತ್ತು ಕೊಯ್ದರೆ ಒಂದು ಹಿಡಿ, ಅಷ್ಟೇ."

"ಇವತ್ತು ಬಿಟ್ಟರೆ ಕಾವಿ ಮುಂದಿನ ಕಾರ್ತೀಕಕ್ಕೆ."

"ಗೊತ್ತು."

"ಅಷ್ಟರಲ್ಲಿ ನಾನಿಲ್ಲದಿದ್ದರೆ?"

ಇಂದುಧರನ ಕಣ್ಣು ತುಂಬಿದವು. ಬೆಳಗ್ಗೆ ಕುಡುಗೋಲು ಹಿಡಿದು ಆ ಬಂಡೆಯ ಹತ್ತಿರ ಅವನು ಬಹಳ ಹೊತ್ತು ಕೂತಿದ್ದ. ಎರಡು ಸಲ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದೂ ಇದ್ದ.

"ನೀವಿರಬೇಕು ಅಂತಲೇ ಆಸೆ ಅಯ್ನೋರೇ. ಕಾವಿ ಇಲ್ಲದಿದ್ದರೂ ನಾಳೆ ಗುಡ್ಡಕ್ಕೆ ಹೋಗ್ತೀನಿ."

"ಇವತ್ತು?"

"ಇವತ್ತಿನ ಮಾರು ಮುಗಿಸಿಯೇ ಬಂದೆ."

ಪರ್ವತಯ್ಯ ಗದ್ದುಗೆಯ ಮೇಲಿನ ಹುಲ್ಲನ್ನು ಒಮ್ಮೆ ನೇವರಿಸಿದರು. ಮುಖ ತುಂಬ ನಗು ಹರಡಿತು.

"ಕೈ ಚಾಚು."

ಇಂದುಧರ ಚಾಚಿದ. ಅಂಗೈ, ಬೆರಳು, ಉಗುರು ಎಲ್ಲ ಕೆಂಪು ಮಣ್ಣು. ಮಡಿಸಿದ ಕಾವಿ ತನ್ನ ಕಡೆ ಬರುವುದು ಕಂಡು ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಂಡ.

"ಕೈಯೆಲ್ಲ ಮಣ್ಣು ಅಯ್ನೋರೇ. ತೊಳ್ಕೊಂಡು ಬರ್ತೀನಿ."

ಪರ್ವತಯ್ಯ ಅವನ ಮಣಿಕಟ್ಟು ಹಿಡಿದು, ಆ ಮಣ್ಣಿನ ಮೇಲೆಯೇ ಕಾವಿ ಇಟ್ಟರು.

"ಬೇಡ. ಹುಲ್ಲು ಕೊಯ್ದು ತಂದಿದ್ದರೆ, ಕೈ ತೊಳ್ಕೊಂಡು ಊರಿಗೆ ಹೊರಡು ಅಂತಿದ್ದೆ."